ಹಳ್ಳದ ನಡುವೆ ನಿಂತ ಅಂಬಾಸಿಡರ್

ಮಿರಗದ ಮಳೆ ಹಿಡಿದು ಕರೆಂಟ್ ಹೋಯಿತೆಂದರೆ ನಮ್ಮ ಮನೆಯ ಹುಡುಗರು ಒಲೆಯ ಮುಂದೆ ಬಂದು ಕೂಡುತ್ತಾರೆ. ‘ಅಜ್ಜಾ, ಹಳ್ಳದಾಗ ಕಾರು ನಿಂತ ಕತಿ ಹೇಳ’ ಅನ್ನುತ್ತಾರೆ. ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ, ಅವರಿಗೂ ಇಲ್ಲ.

1976ರ ಜೂನ್ ತಿಂಗಳು. ಸವಣೂರಿನಲ್ಲಿ ಅಕ್ಕನ ಮದುವೆ ಮುಗಿದು ಮೂರನೆಯ ದಿನ. ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿಗೆ ಅವಳನ್ನು ಮನೆ ತುಂಬಿಸಲು ಕರೆದೊಯ್ಯಬೇಕಿತ್ತು. ಆಷಾಢ ಹಿಡಿಯುವುದರೊಳಗೆ ಆಗಲೇಬೇಕೆಂದು ಹಿರಿಯರು ಪಟ್ಟು ಹಿಡಿದಿದ್ದರು. ಶಿಗ್ಗಾವಿಯಲ್ಲಿ ಹೆದ್ದಾರಿಯ ಬದಿಗೆ ಬಾಡಿಗೆಗೆ ನಿಲ್ಲುತ್ತಿದ್ದ ಬಿಳಿ ಅಂಬಾಸಿಡರ್ ಕಾರನ್ನು ಅಪ್ಪ ಗೊತ್ತು ಮಾಡಿದ್ದರು. ಹಿಂದೆ ಐದು ಮಂದಿ, ಮುಂದಿನ ಉದ್ದನೆಯ ಸೀಟಿನಲ್ಲಿ ಡ್ರೈವರ್ ಸೇರಿ ನಾಲ್ವರು. ಗೇರು ಸ್ಟೀರಿಂಗಿಗೇ ಹೊಂದಿಕೊಂಡಿದ್ದರಿಂದ ಮುಂದೆ ಕಾಲಿಗೆ ಅಡ್ಡ ಏನೂ ಇರಲಿಲ್ಲ. ಹನ್ನೊಂದು ವರ್ಷದ ನನ್ನನ್ನು ಅಲ್ಲಿ ತುರುಕಿದರು. ಡಿಕ್ಕಿಯಲ್ಲಿ ಅಕ್ಕನ ಟ್ರಂಕು, ಶೇಂಗಾ ಹೋಳಿಗೆಯ ಬುತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿದ ಸವಣೂರು ಎಲೆಯ ಪೆಂಡಿ.

ಬಂಕಾಪುರ ದಾಟಿ ಹಾನಗಲ್ಲಿಗೆ ಬರುವವರೆಗೆ ತುಂತುರು. ಹಾನಗಲ್ಲಿನಲ್ಲಿ ಚಹಾ ಕುಡಿದು ತಿಳವಳ್ಳಿಯ ಕಡೆಗೆ ತಿರುಗಿದ ಮೇಲೆ ಆಕಾಶವೇ ಕಳಚಿ ಬಿತ್ತು. ತಗ್ಗುಗಳಲ್ಲಿ ಕಾರು ಇಳಿದು ಏಳುತ್ತಿದ್ದರೂ ಅಕ್ಕನ ತೊಡೆಯ ಮೇಲಿನ ಕಳಶದ ನೀರು ತುಳುಕಲಿಲ್ಲ. ಅವ್ವ ಅದನ್ನೇ ಹೇಳಿದಾಗ ಡ್ರೈವರ್ ಕಾಕಾ ನಕ್ಕರು. ‘ಮುಂದಿನ ಗಾಲಿಗೆ ಸ್ಪ್ರಿಂಗ್ ಪಟ್ಟಿ ಇಲ್ರಿ ಅಕ್ಕಾರ. ಉದ್ದನ ಉಕ್ಕಿನ ಸಲಾಕಿ ಅದಾವು. ತಗ್ಗು ಬಂದ್ರ ತಿರುಚ್ಕೋತಾವು, ದಾಟಿದ್ರ ಬಿಚ್ಕೋತಾವು.’ ಹಸಿ ಬಟ್ಟೆ ಹಿಂಡುವ ಹಾಗೆ ಒಂದು ಕೈಯಿಂದ ಮಾಡಿ ತೋರಿಸಿದರು.

ಮುಂದೆ ಒಂದು ಹಳ್ಳ. ಕೆಂಪು ನೀರು ರಸ್ತೆಯ ಮೇಲೆ ಮೊಣಕಾಲುದ್ದ ಹರಿಯುತ್ತಿತ್ತು. ಎದುರು ದಡದಿಂದ ಒಂದು ಚಕ್ಕಡಿ ದಾಟಿ ಬಂದದ್ದನ್ನು ನೋಡಿ ಕಾಕಾ ಕಾರು ಇಳಿಸಿದರು. ನಡುಹಳ್ಳಕ್ಕೆ ಬಂದಾಗ ಎಂಜಿನ್ ನಾಲ್ಕು ಸಲ ಕೆಮ್ಮಿ ನಿಂತಿತು. ಬಾಗಿಲ ಸಂದಿಯಿಂದ ನೀರು ಒಳಗೆ ಬಂತು. ಅಕ್ಕ ಅಳತೊಡಗಿದಳು.

‘ಹೆದರಬ್ಯಾಡವ್ವಾ. ಫ್ಯಾನು ನೀರು ಎರಚೈತಿ, ಅಷ್ಟ. ಬೆಲ್ಟ್ ಸಡಿಲ ಮಾಡಿ ಇಳೀಬೇಕಿತ್ತು, ತಪ್ಪು ನಂದು’ ಎಂದು ಕಾಕಾ ಇಳಿದರು. ಗಂಡಸರೆಲ್ಲ ಇಳಿದು ನೂಕಿ ಕಾರನ್ನು ದಡ ಹತ್ತಿಸಿದರು. ಬಾನೆಟ್ ಎತ್ತಿದ ಕಾಕಾ ಕೇಳಿದ್ದು ಒಂದೇ ಮಾತು: ‘ಒಣ ಅರಿವಿ ಐತೇನ್ರಿ?’

ಎಲ್ಲರ ಬಟ್ಟೆಯೂ ತೊಯ್ದು ತೊಪ್ಪೆಯಾಗಿತ್ತು. ಅವ್ವ ಸುಮ್ಮನೆ ಡಿಕ್ಕಿ ತೆಗೆಸಿ, ಟ್ರಂಕಿನಿಂದ ಬೀಗರಿಗೆಂದು ತಂದ ಹೊಸ ಧೋತರ ತೆಗೆದು ಕೊಟ್ಟಳು. ಕಾಕಾ ಒಂದು ಕ್ಷಣ ಹಿಂಜರಿದರು. ‘ತಗೋ ಅಣ್ಣಾ, ಮಗಳು ಮನಿ ಮುಟ್ಟಿದ್ರ ಸಾಕು’ ಅಂದಳು ಅವ್ವ.

ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ ಒಳಗಿನ ಪಸೆ ಒರೆಸಿದರು. ನಾಲ್ಕು ಪ್ಲಗ್ ಕಳಚಿ ಒರೆಸಿದರು. ನಾನು ಅವರ ಮೇಲೆ ಕೊಡೆ ಹಿಡಿದು ನಿಂತಿದ್ದೆ. ವೈರುಗಳನ್ನು ಮತ್ತೆ ಸಿಕ್ಕಿಸುವಾಗ ‘ಹೇಳು ತಮ್ಮಾ, ಒಂದು, ಮೂರು, ನಾಲ್ಕು, ಎರಡು’ ಅಂದರು. ಕಿಡಿ ಆ ಸರದಿಯಲ್ಲೇ ಹೋಗಬೇಕು, ತಪ್ಪಿದರೆ ಎಂಜಿನ್ ಏಳುವುದಿಲ್ಲ. ನಾನು ಮಗ್ಗಿ ಹೇಳುವ ಹಾಗೆ ಹೇಳಿದೆ. ಬ್ಯಾಟರಿ ಸೋತಿತ್ತು. ಬಂಪರಿನ ತೂತಿನಲ್ಲಿ ಹ್ಯಾಂಡಲ್ ಹಾಕಿ ಎರಡು ಸಲ ತಿರುವಿದರು. ಮೂರನೆಯದಕ್ಕೆ ಎಂಜಿನ್ ಎದ್ದಿತು. ಅಕ್ಕ ಕಣ್ಣೀರಲ್ಲೇ ನಕ್ಕಳು.

ಚಿಕ್ಕೇರೂರಿನ ಈಚೆಗೆ ಇನ್ನೊಂದು ಹಳ್ಳ ಎದುರಾಯಿತು. ಅಲ್ಲಿ ಕಾಕಾ ಮೊದಲೇ ನಿಲ್ಲಿಸಿ ಫ್ಯಾನ್ ಬೆಲ್ಟ್ ಸಡಿಲ ಮಾಡಿದರು. ಕಾರು ನಿಲ್ಲದೆ ದಾಟಿತು. ದೀಪ ಹಚ್ಚುವ ಹೊತ್ತಿಗೆ ಅಕ್ಕ ಸೇರಕ್ಕಿ ಒದ್ದು ಒಳಗೆ ಹೋದಳು. ಕಪ್ಪು ಕಲೆಯ ಧೋತರವನ್ನು ಅವ್ವ ನಾಚುತ್ತಲೇ ಬೀಗರ ಮುಂದಿಟ್ಟು ನಡೆದದ್ದನ್ನು ಹೇಳಿದಳು. ಅವರು ಅದನ್ನು ಕಣ್ಣಿಗೊತ್ತಿಕೊಂಡು, ಮರುದಿನ ಅದನ್ನೇ ಉಟ್ಟರು.

ಆ ಕಾರಿನ ಬೇರು ಎಲ್ಲಿಯದೆಂದು ನಾನು ಓದಿಕೊಂಡದ್ದು ಬಹಳ ವರ್ಷದ ಮೇಲೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಿನಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದ ವಿಲಿಯಂ ಮೋರಿಸ್ 1913ರಲ್ಲಿ ತನ್ನ ಮೊದಲ ಕಾರನ್ನು ಹೊರತಂದು ಅದಕ್ಕೆ ಊರಿನ ಹೆಸರನ್ನೇ ಇಟ್ಟ. ಎಂಜಿನ್, ಗಾಲಿ ಎಲ್ಲವನ್ನೂ ಬೇರೆಯವರಿಂದ ಕೊಂಡು ಜೋಡಿಸಿದ್ದ. ತಿರುಚುವ ಸಲಾಕೆಯ ವಿದ್ಯೆಯನ್ನು ಮೋರಿಸ್ ಕಾರುಗಳಿಗೆ ತಂದವನು ಅಲೆಕ್ ಇಸಿಗೋನಿಸ್. 1948ರ ಮೋರಿಸ್ ಮೈನರ್ ಅವನದೇ ವಿನ್ಯಾಸ. ಮುಂದೆ ಮಿನಿ ಕಾರು ಮಾಡಿದವನೂ ಅವನೇ. ಬೇರೆ ಚಾಸಿ ಇಲ್ಲದೆ ಮೈಯೇ ಭಾರ ಹೊರುವ ರಚನೆಯೂ ಆ ಕಾಲದ ಮೋರಿಸ್ ಆಕ್ಸ್‌ಫರ್ಡಿನದೇ. ನಾವು ಒಂಬತ್ತು ಮಂದಿ ಕೂತದ್ದು ಆ ಮೈಯ ಬಲದ ಮೇಲೆ. ಕಾಕಾ ಹ್ಯಾಂಡಲ್ ಹೊಡೆದು ಎಬ್ಬಿಸಿದ 1489 ಸಿಸಿ ಎಂಜಿನ್ ಮಾತ್ರ ಮೋರಿಸ್ ಮನೆಯದಲ್ಲ, ಎದುರಾಳಿ ಆಸ್ಟಿನ್ ಮನೆಯದು. 1952ರಲ್ಲಿ ಎರಡೂ ಕಂಪನಿಗಳು ಒಂದಾದ ಮೇಲೆ ಅದು ಮೋರಿಸ್ ಕಾರುಗಳಿಗೂ ಬಂತು.

ಆಕ್ಸ್‌ಫರ್ಡಿನ ಮೂರನೆಯ ಸರಣಿಯ ಅಚ್ಚುಗಳು ಕಲ್ಕತ್ತದ ಬಳಿಯ ಉತ್ತರಪಾಡಾಕ್ಕೆ ಬಂದವು. ಅಲ್ಲಿನ ಹಿಂದೂಸ್ತಾನ್ ಮೋಟರ್ಸ್ ಆ ಕಾರಿಗೆ ಅಂಬಾಸಿಡರ್ ಎಂದು ಹೆಸರಿಟ್ಟಿತು. ಇಂಗ್ಲೆಂಡಿನಲ್ಲಿ ಆ ಮಾದರಿ ಮೂರೇ ವರ್ಷ ನಡೆದು 1959ಕ್ಕೆ ನಿಂತಿತು. ಮೋರಿಸ್ ಎಂಬ ಹೆಸರಿನ ಕಾರು 1984ರಲ್ಲಿ ಮುಗಿಯಿತು. ಉತ್ತರಪಾಡಾದಲ್ಲಿ ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳವರೆಗೆ ನಡೆಯಿತು.

ಮೋರಿಸ್ ಹೆಸರು ಹೋದ ಮೇಲೂ ಆ ಕಾರು ಮೂವತ್ತು ವರ್ಷ ಬಾಳಿದ್ದು ಹೇಗೆ? ಇಂಗ್ಲೆಂಡಿನವರು ಅದನ್ನು ಸರಳವಾಗಿ, ಗಟ್ಟಿಯಾಗಿ ಕಟ್ಟಿದ್ದರು, ನಿಜ. ಆದರೆ ಆ ಕಾರನ್ನು ಉಳಿಸಿದವರು ನಮ್ಮ ಮಿಸ್ತ್ರಿಗಳು, ಬಾಡಿಗೆ ಗಾಡಿಯ ಡ್ರೈವರುಗಳು. ಬಿಚ್ಚಿದರೆ ಕಣ್ಣಿಗೆ ಕಾಣುವ, ಕೈಗೆ ಎಟಕುವ ಯಂತ್ರ ಅದು. ಅದನ್ನು ಅವರು ಓದಿನಿಂದಲ್ಲ, ಬೆರಳಿನಿಂದ ಕಲಿತರು. ಕಾಕಾ ಕನ್ನಡ ಎರಡನೆಯ ಇಯತ್ತೆಯವರೆಗೆ ಮಾತ್ರ ಓದಿದವರು. ಎಂಜಿನಿಯರಿಂಗಿನ ಮೊದಲ ಪಾಠವನ್ನು ನನಗೆ ಹಳ್ಳದ ದಂಡೆಯಲ್ಲಿ ಹೇಳಿಕೊಟ್ಟವರು ಅವರೇ.

ಕಾಕಾ ಈಗಿಲ್ಲ. ಕಾರು ಯಾವ ಗುಜರಿಗೆ ಹೋಯಿತೋ. ಒಲೆಯ ಮುಂದೆ ಕೂತ ಮೊಮ್ಮಕ್ಕಳು ಮಾತ್ರ ಒಂದು, ಮೂರು, ನಾಲ್ಕು, ಎರಡು ಎಂದು ಒಟ್ಟಿಗೆ ಹೇಳುತ್ತಾರೆ. ನಿಮ್ಮೂರಿನ ಗ್ಯಾರೇಜಿನಲ್ಲೂ ಇಂಥ ಹಳೆಯ ಮಿಸ್ತ್ರಿ ಒಬ್ಬರು ಇದ್ದಾರು. ಬಿಡುವು ಮಾಡಿಕೊಂಡು ಅವರ ಬಳಿ ಹೋಗಿ ಕೂಡಿ, ಕೇಳಿ, ಅವರು ಹೇಳಿದ್ದನ್ನು ಬರೆದಿಡಿ.