ಅಜ್ಜಿ, ಮೊಮ್ಮಗಳು, ಒಂದೇ ಹೆಸರು

2021ರ ಆಗಸ್ಟ್ 10ರ ಜನಗಣತಿ ನೆನಪಿದೆಯಾ? ಸಿಡ್ನಿಯಲ್ಲಿರಲಿ, ಮೆಲ್ಬರ್ನ್‌ನಲ್ಲಿರಲಿ, ಮನೆಯವರನ್ನೆಲ್ಲ ‘ಪರ್ಸನ್ 1’, ‘ಪರ್ಸನ್ 2’ ಅಂತ ಸಾಲಾಗಿ ಬರೆಯಬೇಕಿತ್ತು. ಮನೆಯಲ್ಲಿ ಯಾರಿಗೂ ನಂಬರ್ ಇರೋದಿಲ್ಲ, ಆದರೆ ಫಾರ್ಮಿಗೆ ನಂಬರ್ ಬೇಕು. ಜಾವಾ ಬರೆಯುವವರಿಗೆ ಇದೇ ಪೇಚು ‘ಸೆಟ್’ ಮತ್ತು ‘ಲಿಸ್ಟ್’ ಹೆಸರಲ್ಲಿ ಎದುರಾಗುತ್ತೆ.

ನಾನಿರೋದು ಮೆಲ್ಬರ್ನ್‌ನಲ್ಲಿ. ಸಿಡ್ನಿಯ ಗೆಳತಿಯೊಬ್ಬಳು ಯುಗಾದಿ ಊಟದ ನೋಂದಣಿ ಫಾರ್ಮ್ ನೋಡಿಕೊಳ್ಳುತ್ತಾಳೆ. ‘ಇನ್ನೊಬ್ಬರನ್ನು ಸೇರಿಸಿ’ ಒತ್ತಿದರೆ ಹೊಸ ಸಾಲು ಬರುತ್ತೆ. ಹಿಂದೆ ಕೆಲಸ ಮಾಡೋದು ಸ್ಪ್ರಿಂಗ್. ಮನೆಯವರೆಲ್ಲ ಒಂದು ಹ್ಯಾಶ್‌ಸೆಟ್‌ನಲ್ಲಿ. ಸಲ್ಲಿಸಿದರೆ ಎರರ್ ಅಂತ ಫೋನ್ ಮಾಡಿದಳು.

ಕಾರಣ ನೋಡಿ. ಪ್ರತಿ ಸಾಲೂ 0, 1, 2 ಅನ್ನುವ ಇಂಡೆಕ್ಸ್ ಹೊತ್ತು ಬರುತ್ತೆ. ಲಿಸ್ಟ್ ಆದರೆ ಸ್ಪ್ರಿಂಗ್ ಆ ಜಾಗದಲ್ಲಿ ಖಾಲಿ ಆಬ್ಜೆಕ್ಟ್ ತಾನೇ ಮಾಡಿ ತುಂಬುತ್ತೆ. ಸೆಟ್‌ನಲ್ಲಿ ‘ಮೂರನೆಯ ಜಾಗ’ ಅನ್ನೋದೇ ಇಲ್ಲ. ಇರುವವರನ್ನು ಎಣಿಸಿ ನೋಡುತ್ತೆ, ಸಾಲದಿದ್ದರೆ ಕೈಚೆಲ್ಲುತ್ತೆ. ಲಿಂಕ್ಡ್‌ಹ್ಯಾಶ್‌ಸೆಟ್ ಸೇರಿಸಿದ ಕ್ರಮ ಉಳಿಸುತ್ತೆ ನಿಜ, ಆದರೆ ಅದೂ ಹೊಸ ಜಾಗ ಮಾಡಿಕೊಡೋದಿಲ್ಲ.

ಖಾಲಿ ಆಬ್ಜೆಕ್ಟ್‌ಗಳನ್ನು ಮೊದಲೇ ಹಾಕಿಟ್ಟರೆ? ಹೋಲಿಕೆ ಹೆಸರಿನ ಮೇಲಿದ್ದರೆ ಖಾಲಿಗಳೆಲ್ಲ ಒಂದೇ. ಸೆಟ್ ಒಂದನ್ನಷ್ಟೇ ಇಟ್ಟುಕೊಳ್ಳುತ್ತೆ. ಆಮೇಲೆ ಹೆಸರು ತುಂಬಿದರೆ ಹ್ಯಾಶ್‌ಕೋಡ್ ಬದಲಾಗಿ, ಒಳಗೇ ಇರುವವರು ಹುಡುಕಿದರೆ ಸಿಗೋದಿಲ್ಲ.

ಇದಕ್ಕಿಂತ ಅಪಾಯದ್ದು ಎರರ್ ಇಲ್ಲದೆ ಆಗುವ ನಷ್ಟ. ನಮ್ಮಲ್ಲಿ ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಡುವ ಮನೆಗಳು ಎಷ್ಟಿಲ್ಲ! ಹೆಸರೇ ಗುರುತಾದರೆ ಮೊದಲು ಸೇರಿದ ಅಜ್ಜಿ ಉಳಿಯುತ್ತಾರೆ, ಮೊಮ್ಮಗಳು ಸದ್ದಿಲ್ಲದೆ ಬಿದ್ದುಹೋಗುತ್ತಾಳೆ. ಅವಳ ಜೊತೆ ‘ಕಡಲೆಕಾಯಿ ಅಲರ್ಜಿ’ ಅಂತ ಬರೆದದ್ದೂ ಹೋಗುತ್ತೆ. ಪುಳಿಯೋಗರೆ ಕಲಸುವವರಿಗೆ ಅದು ಗೊತ್ತಾಗೋದು ಹೇಗೆ?

ನಾವಿಬ್ಬರೂ ಕೂತು ಮಾಡಿದ್ದು ಇಷ್ಟು. ಫಾರ್ಮಿಗೆ ಬೇರೆಯೇ ಒಂದು ಕ್ಲಾಸ್, ಅದರಲ್ಲಿ ಲಿಸ್ಟ್. ಪ್ರತಿ ಸಾಲಿಗೂ ಒಂದು ಯುಯುಐಡಿ. ಹೋಲಿಕೆ ಅದರ ಮೇಲೆ ಮಾತ್ರ. ನಡುವಿನ ಸಾಲು ಅಳಿಸಿದರೆ ಇಂಡೆಕ್ಸ್ ತಪ್ಪಿ ಖಾಲಿ ಆಬ್ಜೆಕ್ಟ್ ನುಸುಳುತ್ತೆ, ಅದನ್ನು ತೆಗೆಯಬೇಕು. ಎಲ್ಲ ತುಂಬಿ, ಪರಿಶೀಲಿಸಿದ ಮೇಲಷ್ಟೇ ಸೆಟ್‌ಗೆ ಹಾಕಬೇಕು.

ನಿಮ್ಮ ಫಾರ್ಮನ್ನೂ ಒಮ್ಮೆ ಹೀಗೆ ಪರೀಕ್ಷಿಸಿ: ಒಂದೇ ಹೆಸರಿನ ಇಬ್ಬರನ್ನು ಸೇರಿಸಿ, ಅವರ ಮೇಲಿನ ಸಾಲೊಂದನ್ನು ಅಳಿಸಿ, ಸಲ್ಲಿಸಿ. ಇಬ್ಬರಿಗೂ ಎಲೆ ಬಿತ್ತಾ ನೋಡಿ.