ನೆನಪೂ ನಂಬುಗೆಯೂ

ನಮ್ಮ ಸೀಮೆಯಲ್ಲಿ ಅಣ್ಣತಮ್ಮಂದಿರ ಮನಸ್ತಾಪಗಳಿಗೆ ಎಷ್ಟೋ ವೇಳೆ ಹೊಲಗದ್ದೆಗಳಿಗಿಂತಲೂ ನೆನಪೇ ಮೂಲವಾಗುವುದುಂಟು. "ತೀರ್ಥರೂಪರು ಹೀಗೆಂದುದು ನನಗೆ ಚೆನ್ನಾಗಿ ನೆನಪಿದೆ" ಎಂದು ಒಬ್ಬನು ಆಣೆಯಿಡುತ್ತಾನೆ. ಮತ್ತೊಬ್ಬನು ಅಷ್ಟೇ ದೃಢವಾಗಿ ಅದಕ್ಕೆ ವಿರುದ್ಧವಾದುದನ್ನು ನುಡಿಯುತ್ತಾನೆ. ಇಬ್ಬರೂ ಸುಳ್ಳುಗಾರರಲ್ಲ. ಹಾಗಾದರೆ ನಂಬುಗೆಯ ದೃಢತೆಯು ಸತ್ಯಕ್ಕೆ ಸಾಕ್ಷಿಯಾಗಬಲ್ಲುದೆ?

ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ, ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದು, 1997ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಾಗ ಅದರೊಳಗೆ ಬಂದವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದುದು ಇನ್ನೂ ಈಚೆಗೆ. ಆದರೂ 1990ರಲ್ಲಿ ನ್ಯಾಮತಿಯಲ್ಲಿ ನಡೆದ ಮದುವೆಯ ಲಗ್ನಪತ್ರಿಕೆಯಲ್ಲಿ 'ದಾವಣಗೆರೆ ಜಿಲ್ಲೆ' ಎಂದೇ ಅಚ್ಚಾಗಿತ್ತೆಂದು ಯಾರಾದರೂ ಸಾಧಿಸಿದರೆ ನಾವು ಆಶ್ಚರ್ಯಪಡಬೇಕಾದುದಿಲ್ಲ. ಇಂದಿನ ಅರಿವು ಅಂದಿನ ನೆನಪಿನೊಳಕ್ಕೆ ಸದ್ದಿಲ್ಲದೆ ನುಸುಳುತ್ತದೆ.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆಯು ನಾಶವಾಯಿತಷ್ಟೆ. ಮರುದಿನವೇ ನೀಸರ್ ಎಂಬ ಮನಃಶಾಸ್ತ್ರಜ್ಞರು, ಆ ಸುದ್ದಿಯು ತಮಗೆ ತಲುಪಿದ ಬಗೆಯನ್ನು ವಿದ್ಯಾರ್ಥಿಗಳಿಂದ ಬರೆಯಿಸಿಟ್ಟರು. ಸುಮಾರು ಎರಡೂವರೆ ವರ್ಷಗಳ ತರುವಾಯ ಅವರಲ್ಲಿ 44 ಮಂದಿಯನ್ನು ಪುನಃ ಕೇಳಲಾಗಿ, 11 ಮಂದಿಯ ಉತ್ತರವು ಮೊದಲಿನ ಬರಹಕ್ಕೆ ಯಾವ ಮುಖ್ಯಾಂಶದಲ್ಲಿಯೂ ಹೊಂದಲಿಲ್ಲ. ತಪ್ಪಾಗಿ ಹೇಳಿದವರಲ್ಲಿಯೂ ಅನೇಕರ ನಂಬುಗೆಯು ಅಚಲವಾಗಿಯೇ ಇದ್ದಿತು.

ಹಾಗೆಂದು ನಂಬುಗೆಯನ್ನು ಕೇವಲ ನಿರರ್ಥಕವೆನ್ನಲಾಗದು. ಕಣ್ಸಾಕ್ಷಿಗಳನ್ನು ಕುರಿತು ವಿಕ್ಸ್‌ಟೆಡ್, ವೆಲ್ಸ್ ಎಂಬ ವಿದ್ವಾಂಸರು 2017ರಲ್ಲಿ ತೋರಿಸಿದಂತೆ, ಪರರ ಸೂಚನೆಯ ಸೋಂಕಿಲ್ಲದೆ ಮೊತ್ತಮೊದಲು ಗುರುತಿಸುವಾಗ ಇರುವ ದೃಢತೆಯು ಬಹುಮಟ್ಟಿಗೆ ವಿಶ್ವಾಸಾರ್ಹವೇ ಸರಿ. ಕೆಡುವುದು ಆಮೇಲೆ. ಹೇಳಿದ್ದನ್ನೇ ಹೇಳುತ್ತ ಹೋದಂತೆ ಮಾತು ಸರಾಗವಾಗುವುದು. ಆ ಸರಾಗವನ್ನೇ ಮನಸ್ಸು ಸತ್ಯವೆಂದು ಎಣಿಸುವುದು.

ನಮ್ಮ ಪೂರ್ವಿಕರು ಇದನ್ನರಿಯದವರಲ್ಲ. ಅನ್ನಂಭಟ್ಟನು ತರ್ಕಸಂಗ್ರಹದಲ್ಲಿ ಸ್ಮೃತಿಯನ್ನು ಯಥಾರ್ಥ, ಅಯಥಾರ್ಥವೆಂದು ಎರಡಾಗಿ ವಿಂಗಡಿಸಿದ್ದಾನೆ. ವೇದಾಧ್ಯಾಯಿಗಳೂ "ನನಗೆ ಬರುತ್ತದೆ" ಎಂಬ ಧೈರ್ಯವೊಂದನ್ನೇ ನೆಚ್ಚದೆ, ಪದ, ಕ್ರಮ, ಜಟೆ, ಘನವೆಂಬ ಪಾಠಗಳಿಂದ ಒಂದೊಂದು ಶಬ್ದವನ್ನೂ ಕಟ್ಟಿ ಕಾಪಾಡಿದರು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಸಾಲ, ಪಾಲು, ಮಾತುಕೊಟ್ಟ ಸಂಗತಿ ಇವುಗಳನ್ನು ಆ ದಿನವೇ ತಾರೀಖು ಸಹಿತ ಬರೆದಿಡಿರಿ. ಬರಹವಿಲ್ಲದೆಡೆ, ಎದುರಾಡುವ ಸೋದರನನ್ನು ಸುಳ್ಳನೆಂದು ಕರೆಯುವುದಕ್ಕೆ ಮೊದಲು, ಆತನಿಗೂ ನಿಮ್ಮಷ್ಟೇ ಚೆನ್ನಾಗಿ ನೆನಪಿದೆಯೆಂಬುದನ್ನು ಭಾವಿಸಿರಿ.