ಜೆ.ಸಿ. ರಸ್ತೆಯಲ್ಲಿ ಹಳೆಯ ಕಾರಿನ ಆಯುಸ್ಸು

ಬೆಂಗಳೂರಿನ ಪುರಭವನದ ಮೆಟ್ಟಿಲುಗಳನ್ನು ಹಿಂದೆ ಬಿಟ್ಟು ಮಿನರ್ವ ವೃತ್ತದ ಕಡೆಗೆ ಹೊರಟರೆ ಸಿಗುವುದು ಜಯಚಾಮರಾಜೇಂದ್ರ ರಸ್ತೆ. ಇಷ್ಟುದ್ದದ ಹೆಸರನ್ನು ಯಾರೂ ಹೇಳುವುದಿಲ್ಲ. ಜೆ.ಸಿ. ರೋಡ್ ಎಂದರೆ ಆಟೋ ಚಾಲಕನಿಗೂ ಗೊತ್ತು, ಹಾಸನದ ಮೆಕ್ಯಾನಿಕ್ಕಿಗೂ ಗೊತ್ತು. ನಾಟಕದ ಹುಚ್ಚಿನವರಿಗೆ ಇದು ರವೀಂದ್ರ ಕಲಾಕ್ಷೇತ್ರದ ರಸ್ತೆ. ಕಾರು ಇಟ್ಟುಕೊಂಡವರಿಗೆ ಬಿಡಿಭಾಗಗಳ ರಸ್ತೆ.

ಅಂಗಡಿಗಳ ಮುಂಭಾಗದಲ್ಲಿ ಕಣ್ಣು ಕುಕ್ಕುವಂತೆ ಜೋಡಿಸಿರುವ ಸೀಟು ಕವರು, ಅಲಂಕಾರದ ದೀಪ, ಹಾಡುಪೆಟ್ಟಿಗೆ ಎಲ್ಲವೂ ಹೊಸ ಕಾರುಗಳಿಗೆ. ಹಳೆಯ ಕಾರಿನ ಸಾಮಾನು ಬೇಕಾದವರು ಒಳಗೆ ಹೋಗಿ ಕೇಳಬೇಕು. ಹುಡುಗನೊಬ್ಬ ಏಣಿ ಹತ್ತಿ, ಅಟ್ಟದ ಮೇಲಿನ ಧೂಳು ಹಿಡಿದ ರಟ್ಟಿನ ಪೆಟ್ಟಿಗೆಗಳಲ್ಲಿ ಕೈಯಾಡಿಸುತ್ತಾನೆ. ಕೆಲವು ಪೆಟ್ಟಿಗೆಗಳ ಮೇಲಿನ ಅಕ್ಷರ ಮಾಸಿ, ಒಳಗೇನಿದೆ ಎಂಬುದು ಅಂಗಡಿಯ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ.

ಇಲ್ಲಿಗೆ ಬರುವ ಹೊರ ಊರಿನ ಗಿರಾಕಿಯನ್ನು ಗುರುತಿಸುವುದು ಕಷ್ಟವಲ್ಲ. ಕಲಾಸಿಪಾಳ್ಯದಲ್ಲಿ ಬಸ್ಸಿಳಿದು ನಡೆದೇ ಬರುತ್ತಾನೆ. ಕೈಚೀಲದಲ್ಲಿ ವೃತ್ತಪತ್ರಿಕೆ ಸುತ್ತಿದ ಗಂಟು. ಅದರಲ್ಲಿ ಸವೆದ ಪೆಟ್ರೋಲ್ ಪಂಪೋ, ಬಿರುಕು ಬಿಟ್ಟ ರಬ್ಬರ್ ಕೊಳವೆಯೋ ಇರುತ್ತದೆ. 'ಸ್ಯಾಂಪಲ್ ತಂದಿದ್ದೀರಾ?' ಎಂಬುದು ಅಂಗಡಿಯವರ ಮೊದಲ ಪ್ರಶ್ನೆ. ಗಂಟು ಬಿಚ್ಚಿದೊಡನೆ ಅವರು ಅದನ್ನು ತಿರುಗಿಸಿ ನೋಡಿ, ತಲೆಯಾಡಿಸುತ್ತಾರೆ ಇಲ್ಲವೆ ಮುಂದಿನ ಅಂಗಡಿಯತ್ತ ಬೆರಳು ತೋರುತ್ತಾರೆ. ಆ ತಲೆಯಾಟದಲ್ಲಿ ಒಂದು ಕಾರಿನ ಆಯುಸ್ಸು ನಿಂತಿದೆ ಎಂದರೆ ಉತ್ಪ್ರೇಕ್ಷೆಯೇನಲ್ಲ.

ಯಾವ ಕಾರುಗಳು ಇವು? 1,489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಅಂಬಾಸಿಡರ್, 1,089 ಸಿ.ಸಿ.ಯ ಪ್ರೀಮಿಯರ್ ಪದ್ಮಿನಿ, 796 ಸಿ.ಸಿ.ಯ ಮಾರುತಿ 800. ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಕೂಡ ಅದೇ ವರ್ಷ ನಿಂತಿತು. ಪದ್ಮಿನಿ ಅದಕ್ಕೂ ಬಹಳ ಮೊದಲೇ ಹೋಯಿತು. ಕಾರ್ಖಾನೆ ನಿಂತ ಮೇಲೂ ಕಾರು ಓಡಬಹುದು. ಆದರೆ ಬಿಡಿಭಾಗದ ಪೆಟ್ಟಿಗೆಗಳು ಒಂದೊಂದಾಗಿ ಖಾಲಿಯಾಗುತ್ತವೆ.

ಹಳೆಯ ಕಾರಿನ ಒಡೆಯರನ್ನು ಕೇಳಿದರೆ ಮೊದಲು ಬರುವುದು ಖರ್ಚಿನ ಮಾತು. ಅದು ಸುಳ್ಳಲ್ಲ. ಕಾರಿನ ನೋಂದಣಿಗೆ 15 ವರ್ಷ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್.ಟಿ.ಓ. ಅಂಗಳದಲ್ಲಿ ಪರೀಕ್ಷೆಗೆ ನಿಲ್ಲಿಸಿ ನವೀಕರಿಸಬೇಕು. ಇದಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಲಾಯಿತು. ಹಸಿರು ತೆರಿಗೆ ಬೇರೆ. ಪೆಟ್ರೋಲಿನ ಮೇಲಿನ ರಾಜ್ಯದ ಮಾರಾಟ ತೆರಿಗೆ 2024ರ ಜೂನಿನಲ್ಲಿ ಏರಿದಾಗ ಬೆಂಗಳೂರಿನ ದರ ಲೀಟರಿಗೆ 102 ರೂಪಾಯಿ ದಾಟಿತು.

ಇದರ ಮೇಲೆ ಎಥನಾಲ್. 2025ರ ಹೊತ್ತಿಗೆ ದೇಶದ ಪಂಪುಗಳಲ್ಲಿ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಯಿತು. ಮಂಡ್ಯ, ಬೆಳಗಾವಿಯ ಕಬ್ಬು ಬೆಳೆಗಾರನಿಗೆ ಇದು ಒಳ್ಳೆಯದೇ ಇರಬಹುದು. ಕಾರ್ಬ್ಯುರೇಟರಿಗೆ ಮಾತ್ರ ಹೊಸ ತಲೆನೋವು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥನಾಲಿನಲ್ಲಿ ಇರುವುದು 21. ಐದರಲ್ಲಿ ಒಂದು ಪಾಲು ಎಥನಾಲ್ ಬೆರೆಸಿದರೆ ಶಕ್ತಿ ಸುಮಾರು ಶೇ 7ರಷ್ಟು ಇಳಿಯುತ್ತದೆ; ಹೈಸ್ಕೂಲಿನ ಹುಡುಗನೂ ಹಾಕಬಹುದಾದ ಲೆಕ್ಕ ಇದು. ನೀತಿ ಆಯೋಗದ 2021ರ ವರದಿಯೂ ಹಳೆಯ ವಿನ್ಯಾಸದ ಕಾರುಗಳ ಮೈಲೇಜ್ ಶೇ 6ರಿಂದ 7ರಷ್ಟು ಕುಗ್ಗಬಹುದೆಂದು ಹೇಳಿತ್ತು.

ಎಥನಾಲಿನ ಅಣುವಿನಲ್ಲಿ ಆಮ್ಲಜನಕ ಇದೆ, ಪೆಟ್ರೋಲಿನಲ್ಲಿ ಇಲ್ಲ. ಹೊಸ ಕಾರಿನ ಹೊಗೆಕೊಳವೆಯಲ್ಲಿರುವ ಸಂವೇದಕ ಇದನ್ನು ಗ್ರಹಿಸಿ ಇಂಧನವನ್ನು ತುಸು ಹೆಚ್ಚು ಬಿಡಿಸುತ್ತದೆ. ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ. ಅದರೊಳಗಿರುವುದು ಕೂದಲೆಳೆಯಷ್ಟು ಸಣ್ಣ ತೂತಿನ ಹಿತ್ತಾಳೆಯ ಜೆಟ್. ಮೊದಲು ಎಷ್ಟು ಬಿಡುತ್ತಿತ್ತೋ ಈಗಲೂ ಅಷ್ಟೇ ಬಿಡುತ್ತದೆ. ಮಿಶ್ರಣ ತೆಳುವಾಗಿ, ಬೆಳಗಿನ ಚಳಿಯಲ್ಲಿ ಎಂಜಿನ್ ಕೆಮ್ಮುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ಅದು ನೀರಿನೊಡನೆ ಸೇರಿ ಬೇರೆ ಪದರವಾಗಿ ತಳದಲ್ಲಿ ಕೂರಬಹುದು. ಹಳೆಯ ರಬ್ಬರು ಉಬ್ಬುತ್ತದೆ ಅಥವಾ ಬಿರಿಯುತ್ತದೆ. ಕೆಲವು ಹಳೆಯ ವಾಹನಗಳಲ್ಲಿ 20 ರಿಂದ 30 ಸಾವಿರ ಕಿಲೋಮೀಟರಿನ ಬಳಿಕ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾದೀತು, ಅದು ದುಬಾರಿಯಲ್ಲ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟಿನಲ್ಲಿ ಹೇಳಿತು. ದುಬಾರಿಯಲ್ಲ, ನಿಜ. ಸಿಗಬೇಕಲ್ಲ!

ಲೆಕ್ಕ ಹಾಕಿಯೇ ನೋಡೋಣ. ತಿಂಗಳಿಗೆ 300 ಕಿಲೋಮೀಟರ್ ಓಡುವ, ಲೀಟರಿಗೆ 12 ಕೊಡುವ ಕಾರಿಗೆ ಬೇಕಾದದ್ದು 25 ಲೀಟರ್. ಎಥನಾಲಿನಿಂದಾಗಿ ಅದು ಸುಮಾರು 27 ಆಗುತ್ತದೆ. ಎಂದರೆ ತಿಂಗಳಿಗೆ 200 ರೂಪಾಯಿ ಹೆಚ್ಚು. ಐದು ವರ್ಷದ 10,000 ರೂಪಾಯಿ ಶುಲ್ಕವನ್ನು ತಿಂಗಳಿಗೆ ಹಂಚಿದರೆ ಸುಮಾರು 167. ಎರಡೂ ಸೇರಿ ನಾಲ್ಕು ನೂರು ಮುಟ್ಟುವುದಿಲ್ಲ. ಹೊಸ ಕಾರಿನ ಸಾಲದ ಕಂತಿನ ಮುಂದೆ ಇದು ಏನೂ ಅಲ್ಲ. ಖರ್ಚಿಗೆ ಹೆದರಿ ಕಾರು ಮಾರಿದೆವು ಎನ್ನುವವರಲ್ಲಿ ಎಷ್ಟೋ ಮಂದಿ ನಿಜವಾಗಿ ಸೋತದ್ದು ಕೆಲವೇ ನೂರು ರೂಪಾಯಿಯ ಒಂದು ಡಯಾಫ್ರಂ ಸಿಗದೆ ಕಾರು ಮನೆಯ ಮುಂದೆ ಮಳೆಗಾಲವೆಲ್ಲ ನಿಂತಾಗ.

ಹಳೆಯ ಕಾರಿನ ಪರ ಮಾತಾಡುವವರು ಮುಚ್ಚಿಡಬಾರದ ಸಂಗತಿಯೊಂದುಂಟು. ಹೊಗೆ ಶುದ್ಧಿ ಮಾಡುವ ಉಪಕರಣವೇ ಇಲ್ಲದ ಪದ್ಮಿನಿಯೊಂದು ಕಿಲೋಮೀಟರಿಗೆ ಉಗುಳುವ ವಿಷಾನಿಲ, 2020ರ ಏಪ್ರಿಲ್‌ನಿಂದ ಜಾರಿಯಾದ ಬಿ.ಎಸ್. 6 ಮಾನದಂಡದ ಕಾರಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ನಿಷೇಧವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿದದ್ದು ಸುಮ್ಮನೆ ಅಲ್ಲ. ಕರ್ನಾಟಕದಲ್ಲಿ ಹಾಗೆ ವಯಸ್ಸು ನೋಡಿ ಕಾರನ್ನು ಓಡಿಸಬೇಡಿ ಎನ್ನುವ ಕಾಯಿದೆ ಇಲ್ಲ. ಕಾನೂನು ಮುದುಕ ಕಾರಿಗೆ ಗೌರವ ಕೊಡುವುದು 50 ತುಂಬಿದ ಮೇಲೆ: 2021ರ ನಿಯಮದಂತೆ ಅದು 'ವಿಂಟೇಜ್', ನಂಬರ್ ಫಲಕದಲ್ಲಿ ವಿ.ಎ. ಎಂಬ ಅಕ್ಷರ, ಆದರೆ ದಿನನಿತ್ಯ ಓಡಿಸುವಂತಿಲ್ಲ. 15ಕ್ಕೂ 50ಕ್ಕೂ ನಡುವಿನ 35 ವರ್ಷ ಕಾರು ಬದುಕಬೇಕಾದದ್ದು ಇಂಥ ರಸ್ತೆಗಳ ಕೃಪೆಯಲ್ಲಿ.

ಜೆ.ಸಿ. ರಸ್ತೆಯಲ್ಲಿ ಸಿಗದ್ದನ್ನು ಹುಡುಕಿ ಶಿವಾಜಿನಗರದ ಗುಜರಿಗೆ ಹೋಗುವುದು ವಾಡಿಕೆ. ಅಲ್ಲಿ ಕಾರನ್ನು ಕಳಚಿ ರಾಶಿ ಹಾಕಿರುತ್ತಾರೆ: ಬಾಗಿಲಿನ ರಾಶಿ, ಗೇರ್ ಪೆಟ್ಟಿಗೆಯ ರಾಶಿ. ಒಂದು ಕಾರು ಸತ್ತರೆ ಅದರ ಅಂಗಾಂಗಗಳಿಂದ ಇನ್ನೆರಡು ಬದುಕುತ್ತವೆ. ಬೇರೆಡೆ ಇಡೀ ಕಾರು ಕಬ್ಬಿಣದ ಮುದ್ದೆಯಾಗಿ ಕರಗಲು ಹೋದರೆ ಈ ದಾನಿಗಳೂ ಕಡಮೆಯಾಗುತ್ತಾರೆ.

2000ದ ಫೆಬ್ರುವರಿಯಲ್ಲಿ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂದಾಗಲೂ ಹಳೆಯ ಎಂಜಿನ್ನುಗಳ ಕಥೆ ಮುಗಿಯಿತು ಎಂದವರಿದ್ದರು. ಸೀಸ ವಾಲ್ವುಗಳ ಆಸನಕ್ಕೆ ಮೆತ್ತೆಯಂತಿತ್ತು. ಗಟ್ಟಿ ಲೋಹದ ಆಸನ ಕೂರಿಸಿಕೊಂಡು ಎಂಜಿನ್ನುಗಳು ಓಡಿದವು. ಆಗ ಆ ಕೆಲಸ ಮಾಡುವ ಕೈಗಳು ಬೇಕಾದಷ್ಟಿದ್ದವು. ಈಗ ಕಿವಿಗೊಟ್ಟು ಎಂಜಿನ್ನಿನ ಸದ್ದು ಕೇಳಿ, ಸ್ಕ್ರೂ ಕಾಲು ಸುತ್ತು ತಿರುಗಿಸಿ ಮಿಶ್ರಣ ಸರಿಮಾಡುವ ಮೆಕ್ಯಾನಿಕ್ಕಿನ ತಲೆ ನೆರೆತಿದೆ. ಅವನ ಮಗ ಕಂಪ್ಯೂಟರ್ ತಂತಿ ಜೋಡಿಸಿ ದೋಷ ಓದುವುದನ್ನು ಕಲಿತಿದ್ದಾನೆ. ಅದರಲ್ಲೇ ದುಡ್ಡಿದೆ, ಅವನನ್ನು ದೂರುವಂತಿಲ್ಲ.

ಮಿನರ್ವ ಟಾಕೀಸು ಹೋಗಿ ಎಷ್ಟೋ ವರ್ಷವಾದರೂ ವೃತ್ತಕ್ಕೆ ಅದರ ಹೆಸರೇ ಉಳಿದಿದೆ. ಸಂಜೆ ಆ ಕಡೆಯಿಂದ ಕಲಾಸಿಪಾಳ್ಯಕ್ಕೆ ಮರಳುವ ಹೊರ ಊರಿನ ಗಿರಾಕಿಯ ಚೀಲದಲ್ಲಿ ಈಗ ಎರಡು ಗಂಟು: ಹಳೆಯದು ಒಂದು, ಹೊಸದು ಒಂದು. ಹಳೆಯದನ್ನು ಅವನು ಎಸೆಯುವುದಿಲ್ಲ. ಮುಂದಿನ ಸಲ ಸ್ಯಾಂಪಲ್ಲಿಗೆ ಬೇಕು.